ಶಾಲೆಯ ದುಡ್ಡು, ಜೈಲಿನ ಬಾಗಿಲು, ದೇವರ ವಿಷಯ: ಅಮೆರಿಕದ ರಾಜ್ಯಗಳ ಚರ್ಚೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಪಕ್ಕದ ಒಂದು ಊರಿನಲ್ಲಿ. ಭಾನುವಾರ ಮಕ್ಕಳನ್ನು ಕನ್ನಡ ತರಗತಿಗೆ ಬಿಟ್ಟು ನಾವು ಅಪ್ಪ ಅಮ್ಮಂದಿರು ಹೊರಗೆ ನಿಂತು ಮಾತಾಡುತ್ತೇವೆ. ಮೊದಲೆಲ್ಲ ವೀಸಾ, ಮನೆ ಬೆಲೆ ಅಂತ ಮಾತು ನಡೆಯುತ್ತಿತ್ತು. ಈಗ ಖಾಸಗಿ ಶಾಲೆಯ ಫೀಸಿಗೆ ರಾಜ್ಯ ಕೊಡುವ ವೋಚರ್ ತಗೊಳ್ಳಬೇಕಾ, ಕ್ಲಾಸಿನ ಗೋಡೆ ಮೇಲೆ ಬೈಬಲಿನ ಹತ್ತು ಆಜ್ಞೆಗಳು ಯಾಕೆ ಅನ್ನುವುದೇ ಜಾಸ್ತಿ. ಜೈಲಿನಿಂದ ಬಿಡುಗಡೆಯಾದವರಿಗೆ ಕೆಲಸದ ಅರ್ಜಿ ತುಂಬಿಕೊಡಲು ನಾನು ಶನಿವಾರ ಹೋಗುತ್ತೇನೆ ಅಂತ ಗೊತ್ತಾದ ಮೇಲೆ ಆ ಬಗ್ಗೆಯೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಶಾಲೆ, ಜೈಲು, ಧರ್ಮ: ಮೂರೂ ಬೇರೆ ಬೇರೆ ಅಲ್ವಾ? ಒಟ್ಟಿಗೆ ಯಾಕೆ ಹೇಳುತ್ತೀರಿ?

ಮೊದಲನೆಯದಾಗಿ, ಮೂರೂ ಹೆಚ್ಚಾಗಿ ತೀರ್ಮಾನವಾಗುವುದು ವಾಷಿಂಗ್ಟನ್‌ನಲ್ಲಿ ಅಲ್ಲ, ರಾಜ್ಯಗಳ ರಾಜಧಾನಿಯಲ್ಲಿ. ಇಲ್ಲಿ ಶಾಲೆ ನಡೆಸುವುದು ರಾಜ್ಯದ ಕೆಲಸ. ಕೈದಿಗಳಲ್ಲಿ ಬಹುಪಾಲು ಜನ ಇರುವುದೂ ರಾಜ್ಯಗಳ ಜೈಲಿನಲ್ಲಿ. ಗವರ್ನರ್ ವಿಶೇಷ ಅಧಿವೇಶನ ಕರೆದರೆ ಬೇರೆ ಮಾತು, ಇಲ್ಲವಾದರೆ ಟೆಕ್ಸಾಸ್ ಶಾಸನಸಭೆ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಹೆಚ್ಚೆಂದರೆ 140 ದಿನ ಸೇರುತ್ತದೆ. ಅಷ್ಟರಲ್ಲಿ ಅದೇ ಜನ, ಅದೇ ಸಭಾಂಗಣದಲ್ಲಿ ಈ ಮೂರನ್ನೂ ಮುಗಿಸಬೇಕು.

ಎರಡನೆಯದು, ಇವು ಒಂದರೊಳಗೊಂದು ಹೆಣೆದುಕೊಂಡಿವೆ. ಖಾಸಗಿ ಶಾಲೆಗಳಲ್ಲಿ ಬಹಳಷ್ಟು ಚರ್ಚ್‌ಗಳದ್ದು. ಜೈಲಿನೊಳಗೆ ಪಾಠ ಹೇಳಲು, ಹೊರಗೆ ಬಂದವರಿಗೆ ಹಾಸಿಗೆ ಕೊಡಲು ಬರುವವರಲ್ಲೂ ಧಾರ್ಮಿಕ ಸಂಸ್ಥೆಗಳೇ ಜಾಸ್ತಿ.

ಮೂರನೆಯದು ನನ್ನ ಸ್ವಂತ ಅಭಿಪ್ರಾಯ. ಮೂರರಲ್ಲೂ ಹಕ್ಕು ಕಾಗದದ ಮೇಲೆ ಬೇಗ ಬರುತ್ತದೆ, ಅದನ್ನು ಬಳಸುವ ದಾರಿ ಬರುವುದಿಲ್ಲ. ಹಾಗಾಗಿ ಯಾವ ಮಸೂದೆ ಓದಿದರೂ ನಾನು ಮೊದಲು ಹುಡುಕುವುದು ಒಂದನ್ನೇ: ಈ ಹಕ್ಕು ಇರುವವರು ಅಲ್ಲಿಗೆ ತಲುಪುವುದು ಹೇಗೆ?

ಸ್ಕೂಲ್ ಚಾಯ್ಸ್ ಅಂದರೆ ನಿಜವಾಗಿ ಏನು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಊರಲ್ಲಿರುವ ಹಿರಿಯರಿಗೆ ಇಲ್ಲೇ ಗೊಂದಲ ಶುರುವಾಗುತ್ತದೆ. ನಮ್ಮ ಕಡೆ ಬೋರ್ಡಿನ ಮೇಲೆ "ಪಬ್ಲಿಕ್ ಸ್ಕೂಲ್" ಅಂತ ಇದ್ದರೆ ಅದು ಸಾಮಾನ್ಯವಾಗಿ ಫೀಸು ಕಟ್ಟುವ ಖಾಸಗಿ ಶಾಲೆ. ಇಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿ ಶಾಲೆ. ನೀವು ಯಾವ ಬೀದಿಯಲ್ಲಿದ್ದೀರೋ ಅದರ ಮೇಲೆ ನಿಮ್ಮ ಶಾಲೆ ಗೊತ್ತಾಗುತ್ತದೆ. ಒಳ್ಳೆ ಶಾಲೆ ಇರುವ ಬೀದಿಯಲ್ಲಿ ಮನೆ ಬೆಲೆ ಜಾಸ್ತಿ. ಅಂದರೆ ದುಡ್ಡಿದ್ದವರಿಗೆ ಆಯ್ಕೆ ಮೊದಲಿನಿಂದಲೂ ಇತ್ತು, ಮನೆ ಕೊಳ್ಳುವಾಗಲೇ ಆರಿಸಿಕೊಳ್ಳುತ್ತಿದ್ದರು. ನಾವೂ ಹಾಗೇ ಮಾಡಿದೆವು.

ಬೀದಿಗೂ ಶಾಲೆಗೂ ಇರುವ ಈ ಗಂಟನ್ನು ಬಿಚ್ಚುವುದೇ ಸ್ಕೂಲ್ ಚಾಯ್ಸ್. ಚಾರ್ಟರ್ ಶಾಲೆ ಒಂದು ಬಗೆ: ದುಡ್ಡು ಸರ್ಕಾರದ್ದು, ಆಡಳಿತ ಬೇರೆಯವರದ್ದು, ಫೀಸು ಇಲ್ಲ. ಇದಕ್ಕೆ ಮೊದಲು ಕಾನೂನು ಮಾಡಿದ್ದು ಮಿನ್ನೆಸೋಟ, 1991ರಲ್ಲಿ. ವೋಚರ್ ಇನ್ನೊಂದು ಬಗೆ: ಖಾಸಗಿ ಶಾಲೆಯ ಫೀಸನ್ನು ರಾಜ್ಯವೇ ಕಟ್ಟುತ್ತದೆ. ಮೂರನೆಯದು ಈಗ ಎಲ್ಲರ ಬಾಯಲ್ಲಿರುವ ಶಿಕ್ಷಣ ಖಾತೆ. ಮಗುವಿನ ಹೆಸರಲ್ಲಿ ರಾಜ್ಯ ದುಡ್ಡು ಇಡುತ್ತದೆ. ಫೀಸು, ಪುಸ್ತಕ, ಟ್ಯೂಷನ್, ಥೆರಪಿ ಹೀಗೆ ಒಪ್ಪಿಗೆ ಇರುವ ಖರ್ಚಿಗೆ ಅದನ್ನು ಬಳಸಬಹುದು.

ಇದು ಶ್ರೀಮಂತರಿಗಾಗಿ ಮಾಡಿದ ಯೋಜನೆ ಅನ್ನುತ್ತಾರಲ್ಲ?

ಶುರುವಾದದ್ದು ಹಾಗಲ್ಲ. ವೋಚರ್ ವಿಚಾರವನ್ನು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಬರೆದಿದ್ದರು. ಆದರೆ ಅದನ್ನು ನೆಲಕ್ಕಿಳಿಸಿದ್ದು ವಿಸ್ಕಾನ್ಸಿನ್‌ನ ಮಿಲ್ವಾಕಿ ನಗರ, 1990ರಲ್ಲಿ. ಹಟ ಹಿಡಿದು ಮಾಡಿಸಿದವರು ಪಾಲಿ ವಿಲಿಯಮ್ಸ್. ಕಪ್ಪು ಜನಾಂಗದ ಹೆಣ್ಣುಮಗಳು, ಡೆಮಾಕ್ರಟಿಕ್ ಪಕ್ಷದ ಶಾಸಕಿ. ಸಹಿ ಹಾಕಿದ ಗವರ್ನರ್ ಟಾಮಿ ಥಾಂಪ್ಸನ್ ರಿಪಬ್ಲಿಕನ್. ಆಗ ಅದು ಬಡ ಮನೆಯ ಮಕ್ಕಳಿಗೆ ಮಾತ್ರ. ಮೊದಲ ವರ್ಷ ಮುನ್ನೂರ ಚಿಲ್ಲರೆ ಮಕ್ಕಳು ಸೇರಿದರು.

ಆ ಗೆರೆ ಈಗ ಅಳಿಸಿಹೋಗಿದೆ. 2022ರಲ್ಲಿ ಅರಿಜೋನ ತನ್ನ ಶಿಕ್ಷಣ ಖಾತೆಯನ್ನು ಎಲ್ಲ ಮಕ್ಕಳಿಗೂ ತೆರೆಯಿತು, ಆದಾಯದ ಮಿತಿಯೇ ಇಲ್ಲ. ಸುಮಾರು 12 ಸಾವಿರ ಇದ್ದ ಮಕ್ಕಳ ಸಂಖ್ಯೆ ಎರಡೇ ವರ್ಷದಲ್ಲಿ 70 ಸಾವಿರ ದಾಟಿತು. 2023ರಲ್ಲಿ ಫ್ಲಾರಿಡ ಕೂಡ ಹಾಗೇ ಮಾಡಿತು. ಅಲ್ಲಿ ಮೊದಲ ವರ್ಷ ಹೊಸದಾಗಿ ಸೇರಿದವರಲ್ಲಿ ಹತ್ತರಲ್ಲಿ ಸುಮಾರು ಏಳು ಮಕ್ಕಳು ಅದಾಗಲೇ ಖಾಸಗಿ ಶಾಲೆಯಲ್ಲಿದ್ದವರು. ಅವರಿಗೆ ಸಿಕ್ಕಿದ್ದು ಹೊಸ ಶಾಲೆಯಲ್ಲ, ಕಟ್ಟುತ್ತಿದ್ದ ಫೀಸಿಗೆ ಸಹಾಯ. ಮಿಲ್ವಾಕಿಯ ಆ ಮೊದಲ ಮಕ್ಕಳಿಗಾಗಿ ಹುಟ್ಟಿದ ವಿಚಾರ ಇಲ್ಲಿಗೆ ಬಂದು ನಿಂತಿತಲ್ಲ ಅಂತ ನನಗೆ ಬೇಸರವಿದೆ.

ಟೆಕ್ಸಾಸ್‌ನಲ್ಲಿ ರಿಪಬ್ಲಿಕನ್ನರೇ ಇದನ್ನು ವಿರೋಧಿಸಿದರಂತೆ, ಯಾಕೆ?

ಹಳ್ಳಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಡಲ್ಲಾಸ್ ಬಿಟ್ಟು ಪಶ್ಚಿಮಕ್ಕೆ ಮೂರು ಗಂಟೆ ಕಾರು ಓಡಿಸಿ. ಒಂದು ಪೆಟ್ರೋಲ್ ಬಂಕ್, ಒಂದು ಧಾನ್ಯದ ಗೋದಾಮು, ಎರಡು ಚರ್ಚ್, ಮತ್ತೆ ಊರಿಗೆಲ್ಲ ದೊಡ್ಡ ಕಟ್ಟಡವಾಗಿ ಶಾಲೆ. ಶುಕ್ರವಾರ ರಾತ್ರಿ ಶಾಲೆಯ ಫುಟ್‌ಬಾಲ್ ಮೈದಾನದ ದೀಪ ಹತ್ತಿದರೆ ಊರಿಗೆ ಊರೇ ಅಲ್ಲಿರುತ್ತದೆ. ನಮ್ಮೂರಿನ ರಥಬೀದಿಯ ಹಾಗೆ ಅಂದುಕೊಳ್ಳಿ. ಎಷ್ಟೋ ಕಡೆ ಅತಿ ಹೆಚ್ಚು ಜನರಿಗೆ ಸಂಬಳ ಕೊಡುವುದೂ ಅದೇ ಶಾಲೆ. ಟೆಕ್ಸಾಸ್‌ನ 254 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಅರ್ಧಕ್ಕಿಂತ ಹೆಚ್ಚು ಕಡೆ ಖಾಸಗಿ ಶಾಲೆಯೇ ಇಲ್ಲ. ಅಲ್ಲಿನವರಿಗೆ ವೋಚರ್ ಅಂದರೆ ತಮ್ಮ ತೆರಿಗೆ ದುಡ್ಡು ಬೇರೆ ಊರಿಗೆ ಹೋಗುವ ದಾರಿ.

ಅದಕ್ಕೇ 2023ರ ನವೆಂಬರ್‌ನಲ್ಲಿ 21 ರಿಪಬ್ಲಿಕನ್ ಶಾಸಕರು ಡೆಮಾಕ್ರಟರ ಜೊತೆ ಸೇರಿ 84ಕ್ಕೆ 63 ಮತಗಳಿಂದ ಇದನ್ನು ಬೀಳಿಸಿದರು. ಗವರ್ನರ್ ಗ್ರೆಗ್ ಆಬಟ್ ಸುಮ್ನೆ ಕೂರಲಿಲ್ಲ. 2024ರ ಪಕ್ಷದೊಳಗಿನ ಚುನಾವಣೆಯಲ್ಲಿ ಆ ಶಾಸಕರ ಎದುರಾಳಿಗಳ ಪರ ಪ್ರಚಾರ ಮಾಡಿದರು, ಹಲವರು ಸೋತರು. 2025ರ ಮೇ 3ರಂದು ಶಿಕ್ಷಣ ಖಾತೆಯ ಮಸೂದೆಗೆ ಸಹಿ ಬಿತ್ತು. 2026-27ರ ಶಾಲಾ ವರ್ಷದಿಂದ ಜಾರಿ, ಮೊದಲಿಗೆ 100 ಕೋಟಿ ಡಾಲರ್.

ನಮ್ಮ ಮಗುವಿಗೆ ಸಿಗುತ್ತಾ? ಎಷ್ಟು?

ಖಾಸಗಿ ಶಾಲೆಗೆ ಹೋಗುವ ಮಗುವಿಗೆ ವರ್ಷಕ್ಕೆ ಸುಮಾರು 10 ಸಾವಿರ ಡಾಲರ್. ಮನೆಯಲ್ಲೇ ಓದುವ ಮಗುವಿಗೆ 2 ಸಾವಿರದವರೆಗೆ. ಅಂಗವೈಕಲ್ಯ ಇರುವ ಮಗುವಿಗೆ 30 ಸಾವಿರದವರೆಗೆ. ಇದನ್ನು ನೋಡಿಕೊಳ್ಳುವುದು ರಾಜ್ಯದ ಹಣಕಾಸು ನೋಡುವ ಕಂಪ್ಟ್ರೋಲರ್ ಕಚೇರಿ.

ಅರ್ಜಿಯನ್ನು ಯಾವ ಆದಾಯದವರು ಬೇಕಾದರೂ ಹಾಕಬಹುದು, ಆದರೆ ಸಾಲು ಇದೆ. ಅಂಗವೈಕಲ್ಯ ಇರುವ ಮಕ್ಕಳು, ಕಡಿಮೆ ಆದಾಯದವರು ಮುಂದೆ. ಕೇಂದ್ರ ಬಡತನ ರೇಖೆಯ ಐದು ಪಟ್ಟಿಗಿಂತ ಹೆಚ್ಚು ಆದಾಯ ಇದ್ದರೆ ನೀವು ಕೊನೆಯ ಸಾಲಿನವರು. ನಾಲ್ಕು ಜನರ ಕುಟುಂಬಕ್ಕೆ 2025ರ ಲೆಕ್ಕದಲ್ಲಿ ಅದು ಸುಮಾರು 1 ಲಕ್ಷ 60 ಸಾವಿರ ಡಾಲರ್. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನಲ್ಲಿದ್ದರೆ ಬಹುಪಾಲು ಆ ಗೆರೆ ದಾಟಿರುತ್ತೀರಿ. ಹಾಗಾಗಿ ಇದನ್ನೇ ನಂಬಿಕೊಂಡು ಖಾಸಗಿ ಶಾಲೆಗೆ ಮುಂಗಡ ಕಟ್ಟಬೇಡಿ. ಇನ್ನೊಂದು ಮಾತು: ಖಾತೆ ಸಿಕ್ಕರೂ ಸೀಟು ಕೊಡುವುದು ಬಿಡುವುದು ಶಾಲೆಗೆ ಬಿಟ್ಟದ್ದು. ಸರ್ಕಾರಿ ಶಾಲೆಯ ಹಳದಿ ಬಸ್ಸು ನಿಮ್ಮ ಬೀದಿಗೆ ಬರುವುದೂ ನಿಲ್ಲುತ್ತದೆ. ಸಾರಿಗೆಗೆ ಖಾತೆಯ ದುಡ್ಡು ಬಳಸಬಹುದು, ಆದರೆ ಬೆಳಿಗ್ಗೆ ಏಳೂವರೆಗೆ ಕರೆದೊಯ್ಯುವವರನ್ನು ನೀವೇ ಹುಡುಕಿಕೊಳ್ಳಬೇಕು. ಇಬ್ಬರೂ ಶಿಫ್ಟಿನಲ್ಲಿ ದುಡಿಯುವ ಮನೆಗೆ ಇದು ಸಣ್ಣ ವಿಷಯ ಅಲ್ಲ.

ಇದರ ಜೊತೆ ಕೇಂದ್ರದ್ದೂ ಒಂದು ಬಂದಿದೆ. ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗಳಿಗೆ ದಾನ ಕೊಟ್ಟರೆ 1,700 ಡಾಲರ್‌ವರೆಗೆ ತೆರಿಗೆಯಲ್ಲಿ ಪೂರ್ತಿ ಕಳೆಯಬಹುದು. 2027ರಿಂದ ಶುರು, ಒಪ್ಪಿಕೊಂಡ ರಾಜ್ಯಗಳಲ್ಲಿ ಮಾತ್ರ.

ಮಗಳಿಗೆ ಆಟಿಸಂ ಇದೆ. 30 ಸಾವಿರ ಅಂದರೆ ದೊಡ್ಡ ಮೊತ್ತ. ತಗೊಳ್ಳಲಾ?

ಇದಕ್ಕೆ ನಾನು ನಿಧಾನವಾಗಿ ಉತ್ತರಿಸುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಮಗುವಿಗೆ ಪೆಟ್ಟು. ಸರ್ಕಾರಿ ಶಾಲೆಯಲ್ಲಿ ಇರುವವರೆಗೆ ಕೇಂದ್ರದ ಕಾನೂನು ನಿಮ್ಮ ಬೆನ್ನಿಗಿದೆ. ಮಗುವಿಗೆ ಬೇಕಾದ ಸ್ಪೀಚ್ ಥೆರಪಿ, ಜೊತೆಯಲ್ಲಿ ಕೂರುವ ಸಹಾಯಕಿ, ವರ್ಷವರ್ಷ ಕೂತು ಬರೆಯುವ ಯೋಜನೆ ಎಲ್ಲವೂ ಕೊಡಲೇಬೇಕಾದವು. ಕೊಡದಿದ್ದರೆ ನೀವು ಶಾಲೆಯ ಮೇಲೆ ದೂರು ಹಾಕಿ ಹೋರಾಡಬಹುದು. ನೀವಾಗಿಯೇ ಖಾಸಗಿ ಶಾಲೆಗೆ ಹಾಕಿದ ದಿನ ಆ ಹಕ್ಕಿನ ಬಹುಭಾಗ ಬಿಟ್ಟುಕೊಟ್ಟ ಹಾಗೆ.

ಜೊತೆಗೆ 30 ಸಾವಿರ ಎಲ್ಲರಿಗೂ ಅಲ್ಲ. ಸರ್ಕಾರಿ ಶಾಲೆಯಲ್ಲಿ ನಿಮ್ಮ ಮಗುವಿನ ವಿಶೇಷ ಶಿಕ್ಷಣಕ್ಕೆ ರಾಜ್ಯ ಎಷ್ಟು ಕೊಡುತ್ತಿತ್ತು ಅನ್ನುವುದರ ಮೇಲೆ ಮೊತ್ತ ನಿಲ್ಲುತ್ತದೆ. ಮೊದಲು ಖಾಸಗಿ ಶಾಲೆಗೆ ಹೋಗಿ ಒಂದು ಬೆಳಿಗ್ಗೆ ಕುಳಿತು ನೋಡಿ. ಥೆರಪಿ ಯಾರು ಕೊಡುತ್ತಾರೆ, ವಾರಕ್ಕೆ ಎಷ್ಟು ನಿಮಿಷ ಅಂತ ಬರವಣಿಗೆಯಲ್ಲಿ ಕೇಳಿ. ಸಿಟ್ಟು ಬಂದು ಮಗು ಕಿರುಚಿದ ದಿನ ಏನು ಮಾಡುತ್ತೀರಿ ಅಂತ ಕೇಳಿ. ಆ ಪ್ರಶ್ನೆಗೆ ಅವರ ಮುಖ ನೋಡಿದರೆ ಅರ್ಧ ಗೊತ್ತಾಗುತ್ತದೆ.

ವೋಚರ್ ತಗೊಂಡ ಮಕ್ಕಳು ಚೆನ್ನಾಗಿ ಓದುತ್ತಾರಾ?

ಎರಡೂ ಕಡೆಯವರು ತಮಗೆ ಬೇಕಾದ ಅಧ್ಯಯನ ತೋರಿಸುತ್ತಾರೆ. ಲೂಯಿಸಿಯಾನದಲ್ಲಿ ವೋಚರ್ ಪಡೆದ ಮಕ್ಕಳ ಗಣಿತದ ಅಂಕ ಇಳಿಯಿತು, ಅದೂ ಗಮನಕ್ಕೆ ಬರುವಷ್ಟು. ಮಿಲ್ವಾಕಿ, ವಾಷಿಂಗ್ಟನ್ ಡಿ.ಸಿ.ಯಲ್ಲಿ ಹೈಸ್ಕೂಲು ಮುಗಿಸಿದವರ ಪ್ರಮಾಣ ಏರಿತು. ಎರಡೂ ನಿಜ. ಅಂಕ ಬೇರೆ, ಶಾಲೆ ಬಿಡದೆ ಕೊನೆಯವರೆಗೆ ಕೂರುವುದು ಬೇರೆ. ಯಾರಾದರೂ ಒಂದನ್ನೇ ಹೇಳಿದರೆ ಇನ್ನೊಂದನ್ನು ನೀವೇ ಕೇಳಿ.

ಜನರ ಮತಕ್ಕೆ ಹಾಕಿದರೆ ಏನಾಗುತ್ತದೆ?

ಸೋಲುತ್ತದೆ. 2018ರಲ್ಲಿ ಅರಿಜೋನದಲ್ಲಿ ಸುಮಾರು 65% ಜನ ವಿಸ್ತರಣೆ ಬೇಡ ಅಂದರು. ನಾಲ್ಕು ವರ್ಷದ ನಂತರ ಶಾಸನಸಭೆ ಮಾಡಿಯೇಬಿಟ್ಟಿತು. 2024ರ ನವೆಂಬರ್‌ನಲ್ಲಿ ಕೆಂಟಕಿಯ 120 ಕೌಂಟಿಗಳಲ್ಲಿ ಒಂದೂ ಒಪ್ಪಲಿಲ್ಲ, ಅದೂ ಟ್ರಂಪ್ ಭಾರಿ ಅಂತರದಲ್ಲಿ ಗೆದ್ದ ರಾಜ್ಯ. ನೆಬ್ರಾಸ್ಕ ಇದ್ದದ್ದನ್ನೇ ರದ್ದು ಮಾಡಿತು. ಪಕ್ಷ ಯಾವುದೇ ಇರಲಿ, ತಮ್ಮೂರ ಶಾಲೆ ಅಂದರೆ ಜನರಿಗೆ ಕರುಳು ಚುರುಕ್ ಅನ್ನುತ್ತದೆ. ಶಾಸಕರು ಈ ಮಾತನ್ನು ಕೇಳಿಸಿಕೊಳ್ಳಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಆರ್‌ಟಿಇ ಸೀಟಿಗೂ ಇದಕ್ಕೂ ಏನು ವ್ಯತ್ಯಾಸ?

ಊರಿನವರು ಕೇಳುವ ಒಳ್ಳೆಯ ಪ್ರಶ್ನೆ. ಆರ್‌ಟಿಇಯಲ್ಲಿ ಖಾಸಗಿ ಶಾಲೆ ತನ್ನ 25% ಸೀಟನ್ನು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕು, ಸರ್ಕಾರ ಅದರ ಖರ್ಚು ತುಂಬಿಕೊಡುತ್ತದೆ. ಅಂದರೆ ಅಲ್ಲಿ ಹೊಣೆ ಶಾಲೆಯ ಮೇಲಿದೆ. ಅಮೆರಿಕದ ವೋಚರ್‌ನಲ್ಲಿ ದುಡ್ಡು ಮಗುವಿನ ಕೈಯಲ್ಲಿದೆ, ಶಾಲೆಗೆ ಸಾಮಾನ್ಯವಾಗಿ ಸೇರಿಸಿಕೊಳ್ಳಲೇಬೇಕೆಂಬ ಕಟ್ಟು ಇಲ್ಲ. ಕರ್ನಾಟಕ 2019-20ರಿಂದ ನಿಯಮ ಬದಲಿಸಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ ಅಂದಿತು. ಆಮೇಲೆ ಆರ್‌ಟಿಇ ಅರ್ಜಿಗಳು ಬಹಳ ಕಡಿಮೆಯಾದವು. ಆಗ ನಮ್ಮಲ್ಲಿ ನಡೆದ ವಾದವೂ ಇದೇ: ಸರ್ಕಾರದ ದುಡ್ಡು ಸರ್ಕಾರಿ ಶಾಲೆ ಗಟ್ಟಿ ಮಾಡಲು ಹೋಗಬೇಕೋ, ಮಗುವಿನ ಜೊತೆ ಹೊರಗೆ ಹೋಗಬೇಕೋ.

ಸರ್ಕಾರದ ದುಡ್ಡು ಚರ್ಚಿನ ಶಾಲೆಗೆ ಹೋಗಬಹುದಾ? ಧರ್ಮ, ಸರ್ಕಾರ ಬೇರೆ ಬೇರೆ ಅಲ್ವಾ?

ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ಎರಡು ಮಾತಿವೆ. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದು. ಯಾರ ಆಚರಣೆಗೂ ಅಡ್ಡ ಬರಬಾರದು. ಜಗಳ ಇರುವುದು ಈ ಎರಡರ ನಡುವಿನ ಗಡಿ ಎಲ್ಲಿ ಅನ್ನುವುದರಲ್ಲಿ.

19ನೇ ಶತಮಾನದ ಕೊನೆಗೆ ಕ್ಯಾಥೊಲಿಕ್ ವಲಸಿಗರ ಮೇಲೆ ಸಿಟ್ಟು ಇದ್ದ ಕಾಲದಲ್ಲಿ ಜೇಮ್ಸ್ ಬ್ಲೇನ್ ಎಂಬ ರಾಜಕಾರಣಿ 1875ರಲ್ಲಿ ಒಂದು ತಿದ್ದುಪಡಿ ತಂದರು: ಧಾರ್ಮಿಕ ಶಾಲೆಗೆ ಸರ್ಕಾರಿ ದುಡ್ಡು ಇಲ್ಲ. ಕೇಂದ್ರದಲ್ಲಿ ಅದು ಬಿದ್ದುಹೋಯಿತು. ಆದರೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಅಂಥದ್ದನ್ನೇ ತಮ್ಮ ಸಂವಿಧಾನಕ್ಕೆ ಸೇರಿಸಿಕೊಂಡವು. ಸುಪ್ರೀಂ ಕೋರ್ಟ್ ಆ ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದಿದೆ. 2002ರಲ್ಲಿ ಕ್ಲೀವ್‌ಲ್ಯಾಂಡ್ ವೋಚರ್ ಪ್ರಕರಣ: ಶಾಲೆ ಆರಿಸುವುದು ತಂದೆತಾಯಿ, ಹಾಗಾಗಿ ತಪ್ಪಿಲ್ಲ. 2017ರಲ್ಲಿ ಮಿಸ್ಸೂರಿಯ ಒಂದು ಚರ್ಚ್ ಶಾಲೆಯ ಆಟದ ಮೈದಾನಕ್ಕೆ ಹಳೆ ಟೈರಿನ ರಬ್ಬರ್ ಹಾಸುವ ಅನುದಾನ. 2020ರಲ್ಲಿ ಮಾಂಟಾನ, 2022ರಲ್ಲಿ ಮೇನ್ ರಾಜ್ಯದ ಶಾಲಾ ಸಹಾಯ. ಮೂರರಲ್ಲೂ ಗೆದ್ದದ್ದು ಧಾರ್ಮಿಕ ಶಾಲೆಯ ಕಡೆಯವರು. ಈಗ ನಿಂತಿರುವ ನಿಯಮ ಇಷ್ಟು: ರಾಜ್ಯ ಖಾಸಗಿ ಶಾಲೆಗೆ ದುಡ್ಡು ಕೊಡಲೇಬೇಕಿಲ್ಲ. ಕೊಡುವುದಾದರೆ ಧಾರ್ಮಿಕ ಶಾಲೆ ಅನ್ನುವ ಒಂದೇ ಕಾರಣಕ್ಕೆ ಬಿಡುವಂತಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈ ನಿಯಮ ಒಪ್ಪುವವರು ಅದನ್ನು ಪೂರ್ತಿ ಒಪ್ಪಬೇಕು. ಚರ್ಚ್ ಶಾಲೆಗೆ ತೆರೆದ ಬಾಗಿಲು ಮಸೀದಿಯ ಶಾಲೆಗೂ, ನಮ್ಮ ದೇವಸ್ಥಾನದವರು ನಾಳೆ ಕಟ್ಟುವ ಶಾಲೆಗೂ ಅಷ್ಟೇ ಅಗಲ ತೆರೆಯಬೇಕು.

ಹಾಗಾದರೆ ಸರ್ಕಾರಿ ಶಾಲೆಯೇ ಧಾರ್ಮಿಕವಾಗಿ ಇರಬಹುದಾ?

ಒಕ್ಲಹೋಮದಲ್ಲಿ ಪ್ರಯತ್ನ ನಡೆಯಿತು. ಸೇಂಟ್ ಇಸಿಡೋರ್ ಅನ್ನುವ ಕ್ಯಾಥೊಲಿಕ್ ಆನ್‌ಲೈನ್ ಶಾಲೆಯನ್ನು ಚಾರ್ಟರ್ ಶಾಲೆಯಾಗಿ ಮಾಡಲು ಹೊರಟರು. ಎದುರು ನಿಂತವರು ಅದೇ ರಾಜ್ಯದ ರಿಪಬ್ಲಿಕನ್ ಅಟಾರ್ನಿ ಜನರಲ್ ಜೆಂಟ್ನರ್ ಡ್ರಮಂಡ್. 2025ರ ಮೇ 22ರಂದು ಸುಪ್ರೀಂ ಕೋರ್ಟ್ 4-4 ಆಗಿ ನಿಂತಿತು, ಒಬ್ಬ ನ್ಯಾಯಮೂರ್ತಿ ವಿಚಾರಣೆಯಿಂದ ದೂರ ಉಳಿದಿದ್ದರು. ಹಾಗಾಗಿ ಬೇಡ ಎಂದ ರಾಜ್ಯ ಕೋರ್ಟಿನ ತೀರ್ಪೇ ಉಳಿಯಿತು.

ಮಗನ ಕ್ಲಾಸಿನಲ್ಲಿ ಹತ್ತು ಆಜ್ಞೆಗಳ ಪಟ ಹಾಕಿದ್ದಾರೆ. ನಮಗೆ ಹಬ್ಬಕ್ಕೆ ರಜೆ ಕೊಡುತ್ತಾರಾ?

ಪಟದ ಕಾನೂನು 2025ರದು. ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರ, ಪ್ರತಿ ತರಗತಿಯಲ್ಲೂ. ಕೆಂಟಕಿಯ ಇಂಥದ್ದೇ ಕಾನೂನನ್ನು ಸುಪ್ರೀಂ ಕೋರ್ಟ್ 1980ರಲ್ಲಿ ಹೊಡೆದುಹಾಕಿತ್ತು. ಲೂಯಿಸಿಯಾನ 2024ರಲ್ಲಿ ಮತ್ತೆ ಶುರು ಮಾಡಿತು, ಟೆಕ್ಸಾಸ್ ಹಿಂದೆಯೇ ಬಂತು. ಇದರ ವಿರುದ್ಧ ಕೋರ್ಟಿಗೆ ಹೋದ ಕುಟುಂಬಗಳಲ್ಲಿ ಯಹೂದಿಗಳು, ಕ್ರೈಸ್ತರು, ಹಿಂದೂಗಳು, ಯಾವ ಧರ್ಮವೂ ಬೇಡ ಅನ್ನುವವರು ಎಲ್ಲ ಇದ್ದಾರೆ.

ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ "ನಮ್ಮ ದೇವರ ಪಟ ಯಾಕಿಲ್ಲ" ಅಂತ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಅಂತ ಯೋಚಿಸುತ್ತೇನೆ. ಸರ್ಕಾರಿ ಶಾಲೆಯ ಗೋಡೆ ಅಲ್ಲಿ ಕೂರುವ ಎಲ್ಲ ಮಕ್ಕಳದ್ದು. ಅಲ್ಲಿ ಒಂದು ಧರ್ಮದ ಆಜ್ಞೆ ತೂಗುಹಾಕುವುದು ತಪ್ಪು ಅಂತಲೇ ನಾನು ಹೇಳುತ್ತೇನೆ.

ರಜೆಯ ವಿಷಯದಲ್ಲಿ ಮಾತ್ರ ಟೆಕ್ಸಾಸ್ ಕಾನೂನು ನಿಮ್ಮ ಕಡೆ ಇದೆ. ಧಾರ್ಮಿಕ ಹಬ್ಬದ ದಿನದ ಗೈರುಹಾಜರಿಯನ್ನು ಶಾಲೆ ಮನ್ನಿಸಬೇಕು, ತಪ್ಪಿದ ಪಾಠ ಮಾಡಿಕೊಳ್ಳಲು ಸಮಯ ಕೊಡಬೇಕು. ಯುಗಾದಿಗೋ ಗಣೇಶ ಹಬ್ಬಕ್ಕೋ ಮೊದಲೇ ಒಂದು ಚೀಟಿ ಬರೆದು ಕಳಿಸಿ. "ಹುಷಾರಿಲ್ಲ" ಅಂತ ಸುಳ್ಳು ಬರೆಯಬೇಡಿ, ಹಬ್ಬ ಅಂತಲೇ ಬರೆಯಿರಿ.

ರಾಜ್ಯಗಳ ಧಾರ್ಮಿಕ ಸ್ವಾತಂತ್ರ್ಯ ಕಾನೂನು ಅಂದರೆ ಏನು? ನಮಗೆ ಉಪಯೋಗವಾ?

ಕತೆ 1990ರಲ್ಲಿ ಶುರು. ಆರೆಗನ್‌ನಲ್ಲಿ ಮೂಲನಿವಾಸಿಗಳ ಚರ್ಚ್‌ನ ಇಬ್ಬರು ಪೂಜೆಯಲ್ಲಿ ಪೆಯೋಟಿ ಎಂಬ ಕಳ್ಳಿ ಸೇವಿಸಿದ್ದಕ್ಕೆ ಕೆಲಸ ಕಳೆದುಕೊಂಡರು. ಎಲ್ಲರಿಗೂ ಒಂದೇ ಆಗಿ ಅನ್ವಯಿಸುವ ಕಾನೂನಿನಿಂದ ಧರ್ಮಕ್ಕೆ ವಿನಾಯಿತಿ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಎಡ ಬಲ ಎರಡೂ ಕಡೆ ಸಿಟ್ಟು ಬಂತು. 1993ರಲ್ಲಿ ಸಂಸತ್ತು ಹೆಚ್ಚುಕಡಿಮೆ ಒಮ್ಮತದಿಂದ ಹೊಸ ಕಾನೂನು ಮಾಡಿತು, ಕ್ಲಿಂಟನ್ ಸಹಿ ಹಾಕಿದರು: ಬಲವಾದ ಕಾರಣ ಇಲ್ಲದೆ ಸರ್ಕಾರ ಯಾರ ಧರ್ಮಾಚರಣೆಗೂ ಭಾರ ಹಾಕುವಂತಿಲ್ಲ. 1997ರಲ್ಲಿ ಕೋರ್ಟ್, ಇದು ರಾಜ್ಯಗಳಿಗೆ ಅನ್ವಯಿಸದು ಅಂದಿತು. ಅಲ್ಲಿಂದ ರಾಜ್ಯಗಳು ತಮ್ಮದೇ ಕಾನೂನು ಮಾಡತೊಡಗಿದವು. 2015ರಲ್ಲಿ ಇಂಡಿಯಾನದಲ್ಲಿ ಗವರ್ನರ್ ಆಗಿದ್ದ ಮೈಕ್ ಪೆನ್ಸ್ ಸಹಿ ಹಾಕಿದಾಗ, ಸಲಿಂಗಿಗಳಿಗೆ ಸೇವೆ ನಿರಾಕರಿಸಲು ಇದು ನೆಪವಾಗುತ್ತದೆ ಅಂತ ದೊಡ್ಡ ಗಲಾಟೆಯಾಯಿತು, ವಾರದೊಳಗೆ ತಿದ್ದಬೇಕಾಯಿತು. ಆ ಜಗಳ ಇವತ್ತಿಗೂ ಮುಗಿದಿಲ್ಲ.

ನಮ್ಮಂಥವರಿಗೆ ಹೆಚ್ಚು ಕೆಲಸಕ್ಕೆ ಬರುವುದು 2000ದ ಇನ್ನೊಂದು ಕೇಂದ್ರ ಕಾನೂನು. ಅದು ಎರಡೇ ವಿಷಯಕ್ಕೆ: ಜಮೀನು ಬಳಕೆ ಮತ್ತು ಜೈಲು. ದೇವಸ್ಥಾನ ಕಟ್ಟಲು ಹೊರಟಾಗ ಪಾರ್ಕಿಂಗ್, ಟ್ರಾಫಿಕ್ ಅಂತ ನೆಪ ಹೇಳಿ ಅನುಮತಿ ಎಳೆದಾಡಿದರೆ, ಪಕ್ಕದ ಚರ್ಚಿಗೆ ಕೊಟ್ಟದ್ದನ್ನು ನಮಗೆ ಯಾಕೆ ಕೊಡುವುದಿಲ್ಲ ಅಂತ ಕೇಳುವ ಹಕ್ಕು ಅಲ್ಲಿಂದ ಬರುತ್ತದೆ.

ಜೈಲಿಗೂ ಇದಕ್ಕೂ ಏನು ಸಂಬಂಧ?

ಅರ್ಕನ್ಸಾದ ಒಬ್ಬ ಮುಸ್ಲಿಂ ಕೈದಿ ಅರ್ಧ ಇಂಚು ಗಡ್ಡ ಬಿಡಲು ಕೇಳಿದ. ಗಡ್ಡದೊಳಗೆ ಏನಾದರೂ ಬಚ್ಚಿಡಬಹುದು ಅಂತ ಜೈಲಿನವರು ವಾದಿಸಿದರು. 2015ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಅವನ ಪರ ತೀರ್ಪು ಕೊಟ್ಟರು. ತಲೆಕೂದಲಿಗೆ ಇಲ್ಲದ ಭಯ ಅರ್ಧ ಇಂಚು ಗಡ್ಡಕ್ಕೆ ಯಾಕೆ ಅನ್ನುವುದು ಸರಳ ಪ್ರಶ್ನೆ.

ಇನ್ನೊಂದು ಪ್ರಕರಣ ಲೂಯಿಸಿಯಾನದ್ದು, ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ರಾಸ್ತಫಾರಿ ಧರ್ಮದ ಒಬ್ಬ ವ್ಯಕ್ತಿ, ಸುಮಾರು ಇಪ್ಪತ್ತು ವರ್ಷದಿಂದ ಜಟೆ ಕತ್ತರಿಸಿರಲಿಲ್ಲ. ಐದು ತಿಂಗಳ ಶಿಕ್ಷೆಯಲ್ಲಿ ಉಳಿದದ್ದು ಮೂರೇ ವಾರ. ಹೊಸ ಜೈಲಿಗೆ ವರ್ಗವಾದಾಗ ಜಟೆ ಕತ್ತರಿಸುವಂತಿಲ್ಲ ಅನ್ನುವ ಕೋರ್ಟ್ ತೀರ್ಪಿನ ಪ್ರತಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದ. ಕಾವಲುಗಾರ ಅದನ್ನು ಕಸದ ಬುಟ್ಟಿಗೆ ಹಾಕಿದ ಅಂತ ಅವನ ದೂರು. ಆಮೇಲೆ ಕುರ್ಚಿಗೆ ಬೇಡಿ ಹಾಕಿ ತಲೆ ಬೋಳಿಸಿದರು. ಅವನಿಗೆ ಅನ್ಯಾಯ ಆಗಿದೆ ಅಂತ ಕೆಳ ಕೋರ್ಟುಗಳೂ ಹೇಳಿದವು. ಆದರೆ ಆ ಅಧಿಕಾರಿಗಳಿಂದ ಪರಿಹಾರ ಕೇಳಲು ಕಾನೂನಿನಲ್ಲಿ ಜಾಗವಿಲ್ಲ ಅಂದವು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಾದ ಕೇಳಿತು. ಹಕ್ಕು ಕಾಗದದಲ್ಲಿತ್ತು, ಕಾಗದ ಅವನ ಕೈಯಲ್ಲೇ ಇತ್ತು. ಇನ್ನೇನು ಮಾಡಬೇಕಿತ್ತು ಅವನು?

ಜೈಲಿನಿಂದ ಹೊರಬಂದವರ ಬಗ್ಗೆ ಅಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ರಾಜ್ಯಗಳ ಜೈಲಿಗೆ ಹೋದ ನೂರರಲ್ಲಿ ತೊಂಬತ್ತೈದು ಜನ ಒಂದಲ್ಲ ಒಂದು ದಿನ ಹೊರಗೆ ಬರುತ್ತಾರೆ. ನಿಮ್ಮ ಪಕ್ಕದ ಬೀದಿಗೇ ಬರುತ್ತಾರೆ. 2005ರಲ್ಲಿ 30 ರಾಜ್ಯಗಳಿಂದ ಬಿಡುಗಡೆಯಾದವರ ಲೆಕ್ಕ ಇಟ್ಟಾಗ, ಮೂರು ವರ್ಷದೊಳಗೆ ಮೂವರಲ್ಲಿ ಇಬ್ಬರು ಮತ್ತೆ ಬಂಧನಕ್ಕೆ ಒಳಗಾಗಿದ್ದರು.

ಟೆಕ್ಸಾಸ್‌ನ ಹಂಟ್ಸ್‌ವಿಲ್ ಊರಿನಲ್ಲಿ 1849ರಿಂದ ಇರುವ ಕೆಂಪು ಇಟ್ಟಿಗೆಯ ಜೈಲಿದೆ, ವಾಲ್ಸ್ ಯುನಿಟ್ ಅನ್ನುತ್ತಾರೆ. ಹೊರಬಂದವರು ಕೈಯಲ್ಲಿ ಒಂದು ಚೀಲ ಹಿಡಿದು ನೇರ ಬಸ್ ನಿಲ್ದಾಣಕ್ಕೆ ನಡೆಯುತ್ತಾರೆ. ಪೆರೋಲ್ ಮೇಲೆ, ಅಂದರೆ ಉಳಿದ ಶಿಕ್ಷೆಯನ್ನು ಹೊರಗೆ ನಿಗಾದಲ್ಲಿ ಕಳೆಯಲು, ಬಂದವರಿಗೆ ಬಾಗಿಲಲ್ಲಿ 50 ಡಾಲರ್, ಪೆರೋಲ್ ಅಧಿಕಾರಿಯನ್ನು ಕಂಡ ಮೇಲೆ ಇನ್ನೂ 50. ಕ್ಯಾಲಿಫೋರ್ನಿಯಾದಲ್ಲಿ 200, ಅದು 1973ರಲ್ಲಿ ಗೊತ್ತು ಮಾಡಿದ ಮೊತ್ತ. ಆ ದುಡ್ಡಿಗೆ ಇವತ್ತು ಮೋಟೆಲಿನಲ್ಲಿ ಎಷ್ಟು ರಾತ್ರಿ ಸಿಗುತ್ತದೆ ಲೆಕ್ಕ ಹಾಕಿ.

ನಾನು ಹೋಗುವ ಕಡೆ ಒಬ್ಬರು ಬರುತ್ತಿದ್ದರು. ಐವತ್ತು ದಾಟಿದ ವಯಸ್ಸು, ಒಳಗಿದ್ದದ್ದು ಹತ್ತೊಂಬತ್ತು ವರ್ಷ. ಫೋನಿನ ಪರದೆಯನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತುತ್ತಿದ್ದರು, ಗುಂಡಿ ಒತ್ತಿದ ಹಾಗೆ. ಅರ್ಜಿಗೆ ಈಮೇಲ್ ಬೇಕು. ಈಮೇಲ್ ತೆರೆಯಲು ಫೋನ್ ನಂಬರ್ ಬೇಕು. ನಂಬರ್ ತಗೊಳ್ಳಲು ಗುರುತಿನ ಚೀಟಿ ಕೇಳಿದರು. ಚೀಟಿಗೆ ಜನನ ಪತ್ರ, ಅದಕ್ಕೆ ವಿಳಾಸ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆ ಒಂದು ಅರ್ಜಿ ಕಳಿಸಲು ನಮಗೆ ಮೂರು ಶನಿವಾರ ಬೇಕಾಯಿತು.

ಟೆಕ್ಸಾಸ್‌ನಂಥ ಕಟ್ಟುನಿಟ್ಟಿನ ರಾಜ್ಯ ಇದಕ್ಕೆಲ್ಲ ದುಡ್ಡು ಕೊಡುತ್ತದಾ?

ಕೊಟ್ಟಿದೆ, ದೇಶಕ್ಕೇ ದಾರಿ ತೋರಿಸಿದೆ. 2007ರಲ್ಲಿ, 2012ರ ಹೊತ್ತಿಗೆ ಇನ್ನೂ 17 ಸಾವಿರ ಹಾಸಿಗೆಯ ಜೈಲು ಬೇಕು, 200 ಕೋಟಿ ಡಾಲರ್ ಆಗುತ್ತದೆ ಅಂತ ಅಂದಾಜು ಬಂತು. ರಿಪಬ್ಲಿಕನ್ ಜೆರ್ರಿ ಮ್ಯಾಡನ್, ಡೆಮಾಕ್ರಟ್ ಜಾನ್ ವಿಟ್‌ಮೈರ್ ಇಬ್ಬರೂ ಸೇರಿ ಅದರ ಬದಲು 24 ಕೋಟಿ 10 ಲಕ್ಷ ಡಾಲರನ್ನು ಕುಡಿತ, ಮಾದಕ ವ್ಯಸನದ ಚಿಕಿತ್ಸೆಗೆ, ಪೆರೋಲ್ ವ್ಯವಸ್ಥೆಗೆ ಹಾಕಿಸಿದರು. ಆ ಹೊಸ ಜೈಲುಗಳು ಬೇಕಾಗಲಿಲ್ಲ, ಮುಂದೆ ಕೆಲವು ಜೈಲು ಮುಚ್ಚಿದವು ಕೂಡ. ಕೇಂದ್ರದಲ್ಲೂ 2008ರ ಸೆಕೆಂಡ್ ಚಾನ್ಸ್ ಕಾನೂನಿಗೆ ಬುಷ್, 2018ರ ಫಸ್ಟ್ ಸ್ಟೆಪ್ ಕಾನೂನಿಗೆ ಟ್ರಂಪ್ ಸಹಿ ಹಾಕಿದರು. ಈ ಮೂರು ವಿಷಯಗಳಲ್ಲಿ ಎರಡೂ ಪಕ್ಷ ಒಟ್ಟಿಗೆ ಕೂತು ಮಾಡಿದ ಕೆಲಸ ಹೆಚ್ಚಾಗಿ ಇದರಲ್ಲೇ ಇದೆ.

ಅರ್ಜಿಯಲ್ಲಿ "ಶಿಕ್ಷೆಯಾಗಿದೆಯೇ" ಅಂತ ಕೇಳುವುದನ್ನು ತೆಗೆದರೆ ಸಾಕಲ್ವಾ?

ಹವಾಯಿ 1998ರಲ್ಲೇ ತೆಗೆಯಿತು. ನಂತರ ಬಹಳ ರಾಜ್ಯಗಳು ಸರ್ಕಾರಿ ಕೆಲಸದ ಅರ್ಜಿಯಿಂದ ಆ ಚೌಕವನ್ನು ತೆಗೆದವು. ಒಳ್ಳೆಯದೇ. ಆದರೆ ಕೆಲವು ಕಡೆ ಅರ್ಥಶಾಸ್ತ್ರಜ್ಞರು ಬೇರೆಯದನ್ನೂ ಕಂಡರು. ಕೇಳುವಂತಿಲ್ಲ ಅಂದಾಗ ಮಾಲೀಕರು ಹೆಸರು ನೋಡಿ ಊಹಿಸತೊಡಗಿದರು. ಜೈಲೇ ಕಾಣದ ಕಪ್ಪು ಯುವಕರಿಗೂ ಕರೆ ಬರುವುದು ಕಡಿಮೆಯಾಯಿತು.

ನನಗೆ ಹೆಚ್ಚು ಹಿಡಿಸಿದ್ದು ಪೆನ್ಸಿಲ್ವೇನಿಯ 2018ರಲ್ಲಿ ಮಾಡಿದ ಕ್ಲೀನ್ ಸ್ಲೇಟ್ ಕಾನೂನು. ಸಣ್ಣ ಅಪರಾಧ, ಇಷ್ಟು ವರ್ಷ ಶುದ್ಧವಾಗಿ ಬದುಕಿದರೆ ದಾಖಲೆ ತಾನಾಗಿಯೇ ಮುಚ್ಚಿಹೋಗುತ್ತದೆ. ಅರ್ಜಿ, ವಕೀಲ, ಫೀಸು ಯಾವುದೂ ಬೇಡ. ಯೂಟಾ, ಮಿಷಿಗನ್ ಹಿಂಬಾಲಿಸಿದವು. ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಆರಿಸಲು ಕೈದಿಗಳನ್ನು ಕಳಿಸುತ್ತಿದ್ದರು, ಹೊರಬಂದ ಮೇಲೆ ಅದೇ ಕೆಲಸಕ್ಕೆ ದಾಖಲೆ ಅಡ್ಡ ಬರುತ್ತಿತ್ತು. 2020ರಲ್ಲಿ ಅದನ್ನು ಅಳಿಸಿಕೊಳ್ಳಲು ಒಂದು ದಾರಿ ಮಾಡಿದರು.

ಅವರಿಗೆ ಮತ ಹಾಕುವ ಹಕ್ಕು ಇದೆಯಾ?

ರಾಜ್ಯದ ಮೇಲೆ ಹೋಗುತ್ತದೆ. ಮೇನ್, ವರ್ಮಾಂಟ್‌ನಲ್ಲಿ ಜೈಲಿನೊಳಗಿಂದಲೂ ಮತ ಹಾಕಬಹುದು. ಟೆಕ್ಸಾಸ್‌ನಲ್ಲಿ ಪೆರೋಲ್ ಸಮೇತ ಶಿಕ್ಷೆ ಮುಗಿದ ಮೇಲೆ ಹಕ್ಕು ತಾನಾಗಿ ಮರಳುತ್ತದೆ, ಬಹಳ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಫ್ಲಾರಿಡದಲ್ಲಿ 2018ರಲ್ಲಿ 64%ಕ್ಕೂ ಹೆಚ್ಚು ಮತದಾರರು ಸುಮಾರು 14 ಲಕ್ಷ ಜನರಿಗೆ ಹಕ್ಕು ಮರಳಿಸಲು ಒಪ್ಪಿದರು. ಮರುವರ್ಷ ಶಾಸನಸಭೆ, ದಂಡ ಶುಲ್ಕ ಎಲ್ಲ ಕಟ್ಟಿದ ಮೇಲೆ ಅಂತ ಸೇರಿಸಿತು. ಯಾರಿಗೆ ಎಷ್ಟು ಬಾಕಿ ಅಂತ ಒಂದೇ ಕಡೆ ನೋಡುವ ಪಟ್ಟಿಯೇ ಇರಲಿಲ್ಲ. ಕಟ್ಟೋಣ ಅಂದವರಿಗೂ ಎಷ್ಟು ಕಟ್ಟಬೇಕು ಅಂತ ಹೇಳುವವರಿಲ್ಲ.

ಜೈಲಿನೊಳಗೆ ಚರ್ಚಿನವರು ಪಾಠ ಮಾಡುವುದು ಸರಿಯಾ?

ಅವರು ಬರದಿದ್ದರೆ ಎಷ್ಟೋ ಜೈಲಿಗೆ ಯಾರೂ ಬರುತ್ತಿರಲಿಲ್ಲ. ವಾಟರ್‌ಗೇಟ್ ಹಗರಣದಲ್ಲಿ ಜೈಲು ಕಂಡ ಚಕ್ ಕೋಲ್ಸನ್ 1976ರಲ್ಲಿ ಪ್ರಿಸನ್ ಫೆಲೋಶಿಪ್ ಕಟ್ಟಿದರು. ಲೂಯಿಸಿಯಾನದ ಅಂಗೋಲ ಜೈಲಿನೊಳಗೆ 1995ರಿಂದ ಬೈಬಲ್ ಕಾಲೇಜೇ ಇದೆ. ಈ ಜನರ ಬಗ್ಗೆ ನನಗೆ ಗೌರವವಿದೆ. ನಾನು ಶನಿವಾರ ಹೋಗುವ ಕೋಣೆಯೂ ಒಂದು ಚರ್ಚಿನದು, ಬಾಡಿಗೆ ಕೇಳಿಲ್ಲ.

ಆದರೆ ಅಯೋವದಲ್ಲಿ ಏನಾಯಿತು ನೋಡಿ. ಅಲ್ಲಿ ಕ್ರೈಸ್ತ ಕಾರ್ಯಕ್ರಮಕ್ಕೆ ಸೇರಿದ ಕೈದಿಗಳಿಗೆ ಬೇರೆ ವಿಭಾಗ, ಕಬ್ಬಿಣದ ಬದಲು ಮರದ ಬಾಗಿಲು, ಬೀಗದ ಕೈ ಅವರದೇ ಕೈಯಲ್ಲಿ. ಜೊತೆಗೆ ಸರ್ಕಾರದ ದುಡ್ಡು. ಬೇರೆ ಧರ್ಮದವನಿಗೆ ಅಂಥದ್ದು ಇಲ್ಲ. 2006ರಲ್ಲಿ ಕೋರ್ಟ್ ಇದನ್ನು ತಪ್ಪು ಅಂದಿತು, ಮರುವರ್ಷ ಮೇಲಿನ ಕೋರ್ಟೂ ಒಪ್ಪಿತು. ದೇವರ ಮಾತು ಹೇಳಲಿ, ಯಾರು ಬೇಡ ಅಂದಾರು? ಮರದ ಬಾಗಿಲು ಮಾತ್ರ ಪ್ರಾರ್ಥನೆಗೆ ಸಿಗುವ ಬಹುಮಾನ ಆಗಬಾರದು.

ನಾನು ಎಚ್-1ಬಿ, ಮತ ಇಲ್ಲ. ನಾನೇನು ಮಾಡಬಹುದು?

ಶಾಲಾ ಮಂಡಳಿಯ ಸಭೆಗೆ ಹೋಗಬಹುದು, ಹೆಸರು ಬರೆಸಿ ಎರಡು ಮೂರು ನಿಮಿಷ ಮಾತಾಡಬಹುದು. ರಾಜಧಾನಿ ಆಸ್ಟಿನ್‌ನಲ್ಲಿ ಮಸೂದೆಯ ವಿಚಾರಣೆ ನಡೆಯುವಾಗ ಪೌರತ್ವ ಇಲ್ಲದವರೂ ಸಾಕ್ಷಿ ಹೇಳಬಹುದು. ತೆರಿಗೆ ಕಟ್ಟುತ್ತೀರಿ, ಮಗು ಇಲ್ಲೇ ಓದುತ್ತಿದೆ, ಸಂಕೋಚ ಬೇಡ. ಹೋಗುವಾಗ ಬರೆದುಕೊಂಡು ಹೋಗಿ. ನನಗೆ ಮೊದಲ ಸಲ ಕಾಲು ನಡುಗಿತ್ತು, ಬರೆದದ್ದನ್ನು ಓದಿದೆ ಅಷ್ಟೇ, ಅದೇ ಸಾಕಾಯಿತು.

ಶನಿವಾರ ನಿಮ್ಮ ಜೊತೆ ಬರಬಹುದಾ?

ಖಂಡಿತ ಬನ್ನಿ. ಬೆಳಿಗ್ಗೆ ಒಂಬತ್ತೂವರೆಗೆ ಶುರು. ನಿಮ್ಮ ಲ್ಯಾಪ್‌ಟಾಪ್, ಎರಡು ಬಗೆಯ ಫೋನ್ ಚಾರ್ಜರ್, ನಾಲ್ಕೈದು ಪೆನ್ನು ತನ್ನಿ. ಯಾಕೆ ಒಳಗೆ ಹೋಗಿದ್ದಿರಿ ಅಂತ ಯಾರನ್ನೂ ಕೇಳಬೇಡಿ, ಹೇಳಬೇಕು ಅನಿಸಿದರೆ ಅವರೇ ಹೇಳುತ್ತಾರೆ. ಕಾರಿನಲ್ಲಿ ಜಾಗ ಇದ್ದರೆ ಮೊದಲೇ ತಿಳಿಸಿ. ಆ ಕಡೆ ಬಸ್ಸು ಗಂಟೆಗೊಂದು, ಮಧ್ಯಾಹ್ನ ಒಂದರ ಬಸ್ಸು ತಪ್ಪಿದರೆ ಅವರಲ್ಲಿ ಕೆಲವರು ಸಂಜೆಯ ಪಾಳಿಗೆ ತಲುಪುವುದಿಲ್ಲ.